ಭಾನುವಾರ ಅಘನಾಶಿನಿ ಅಳಿವೆಗೆ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಅಘನಾಶಿನಿ ಅಳಿವೆ ನೋಡಲು ಹೋಗೋಣ. ಬೆಳಿಗ್ಗೆ 6 ಗಂಟೆಗೆ ಸರಿಯಾಗಿ ಕುಮಟಾ ಬಸ್ ನಿಲ್ದಾಣದ ಎದುರು ಸೇರಬೇಕು. ತಡವಾದರೆ ನೀರು ಏರಿಬಿಡುತ್ತದೆ. ಕಳೆದ ಸಲ ಹಾಗೇ ಆಯ್ತು ಅಲ್ವಾ, ಚಿಪ್ಪಿಕಲ್ಲು ಹೆಕ್ಕುವವರು ಮನೆಗೆ ಹೊರಟ ಮೇಲೆ ನಾವು ತಲುಪಿದ್ದೆವು!

ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಘಟ್ಟದ ಸಿಹಿನೀರು ತಡೆಯಿಲ್ಲದೆ ಇಳಿದು ಸಮುದ್ರದ ಉಪ್ಪುನೀರಿಗೆ ಕೂಡುತ್ತದೆ. ಬಳಚು ಎಂಬ ಚಿಪ್ಪಿಜೀವಿ, ಏಡಿ, ಸಿಗಡಿ ಬೆಳೆಯುವುದು ಆ ಬೆರಕೆ ನೀರಿನಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಮೀನಿನ ಮರಿಗಳು ಅಡಗಿರುತ್ತವೆ, ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಕಾಣುತ್ತವೆ. ಬರುವಾಗ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಡೆಗೂ ಹೋಗೋಣ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ.

ಕೆಸರಿನಲ್ಲಿ ನಡೆಯಬೇಕು, ಚಿಪ್ಪಿನ ಅಂಚು ಕಾಲು ಕೊಯ್ಯುತ್ತದೆ. ಹಳೆ ಶೂ ಹಾಕಿಕೊಂಡು ಬನ್ನಿ, ಚಪ್ಪಲಿ ಬೇಡ. ಕುಡಿಯುವ ನೀರು, ಟೋಪಿ ನೀವೇ ತನ್ನಿ. ತಿಂಡಿ ನಮ್ಮ ಕಡೆಯಿಂದ. ಜೀವ ಇರುವ ಚಿಪ್ಪಿಯನ್ನು ಮನೆಗೆ ತರುವಂತಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ.

ದೋಣಿಯಲ್ಲಿ 12 ಜನಕ್ಕೆ ಮಾತ್ರ ಜಾಗ. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ, ಎಷ್ಟು ಜನ ಅಂತ ಬರೆಯಿರಿ.