ಕೌಂಟರ್ ಮುಂದೆ ಹೆದರಿದ ಸೊಸೆಮುದ್ದಿಗೆ

ದಾವಣಗೆರೆ

ಪುಟ್ಟಿ,

ಮನೆ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ಚಿತ್ರದುರ್ಗದ ಮೆಡಿಕಲ್ ಶಾಪಿಗೆ ತರಬೇತಿಗೆ ಸೇರಿದ ಮೇಲೆ 'ನಾನು ಕೊಟ್ಟ ಮಾತ್ರೆಯಿಂದಲೇ ಯಾರಿಗಾದರೂ ಏನಾದರೂ ಆದರೆ?' ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಸುಮ್ನೆ ಹೆದರಬೇಡ ಅಂತ ಹೇಳಲಾರೆ. ಆಗುತ್ತದೆ, ಅದಕ್ಕೇ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ ನುಂಗುವಂಥದ್ದು. ಅದನ್ನೇ ದಿನಾ ನುಂಗಿದರೆ ಜೀವಕ್ಕೇ ಕುತ್ತು. ಇದನ್ನು ನೀನು ಪರೀಕ್ಷೆಯಲ್ಲಿ ಬರೆದಿರುತ್ತೀಯ. ಆದರೆ ಡಾಕ್ಟರ ಚೀಟಿಯಲ್ಲಿ ಅದು ಬರೀ ಒಂದು ಗೀಚು. ಎದುರಿಗೆ ಬಸ್ಸಿಗೆ ಹೊತ್ತಾಯಿತು ಅನ್ನುವ ಮುದುಕಿ. ನಿನ್ನ ಕೈ ನಡುಗಿದ್ದು ಅಲ್ಲೇ ಅಲ್ವಾ?

ನನ್ನದು ಉಲ್ಟಾ. ಜಗಳೂರು ಕಡೆಯಿಂದ ಬಂದು ಇಲ್ಲಿ ಮೆಡಿಕಲ್ ಶಾಪಿಗೆ ಸೇರಿದಾಗ ನನಗೆ ಪುಸ್ತಕವೇ ಗೊತ್ತಿರಲಿಲ್ಲ, ಕಪಾಟು ಗೊತ್ತಿತ್ತು. ಕರೆಂಟು ಹೋದರೂ ಮಾತ್ರೆ ತೆಗೆದು ಕೊಡುತ್ತಿದ್ದೆ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರೆ 'ಹಾಲು ಕುಡಿಯಬೇಡಿ' ಅನ್ನು ಅಂತ ಯಜಮಾನರು ಕಲಿಸಿದ್ದರು, ಹಾಗೇ ಅನ್ನುತ್ತಿದ್ದೆ. ಹರಿಹರದ ಕಡೆಯ ಒಬ್ಬಾತ ಕೇಳಿದ: 'ಮನೇಲಿ ಎಮ್ಮೆ ಕಟ್ಟಿಕೊಂಡು ಹಾಲು ಬಿಡು ಅಂದ್ರೆ ಹೆಂಗಪ್ಪ? ಕುಡಿದ್ರೆ ಏನಾಗ್ತದೆ?' ನನಗೆ ಬಾಯಿ ಬರಲಿಲ್ಲ. ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ತಿಳಿದಿದ್ದರೆ 'ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಕುಡಿ' ಅನ್ನುತ್ತಿದ್ದೆ. ಆತ ಹಾಲು ಬಿಟ್ಟನೋ, ಮಾತ್ರೆಯನ್ನೇ ಬಿಟ್ಟನೋ. ನಿನ್ನ ಹಾಗೆ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮಾ) ಓದಬೇಕಿತ್ತು ಅಂತ ಅವತ್ತು ಅನ್ನಿಸಿತು. ಸಂಸಾರ, ಸಂಬಳ ಅಂತ ಹೋಗಲೇ ಇಲ್ಲ. ಈಗಲೂ ಅದು ಚುಚ್ಚುತ್ತದೆ.

ನಿನ್ನ ಹತ್ತಿರ ಆ 'ಯಾಕೆ' ಇದೆ. ಕೈಗೆ ರೂಢಿ ಇಲ್ಲ, ಅಷ್ಟೇ. ಡಿ.ಫಾರ್ಮಾಗೆ 500 ಗಂಟೆ ತರಬೇತಿ ಇಟ್ಟಿರುವುದು, ಅದರಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದಕ್ಕೇ ಅಂದಿರುವುದು ಈ ರೂಢಿಗೇ. ಕೆಲವರು ಅಂಗಡಿ ಮೆಟ್ಟಿಲು ಹತ್ತದೆ ತರಬೇತಿ ಆಯಿತು ಅಂತ ಸಹಿ ಹಾಕಿಸಿಕೊಂಡು ಬರುತ್ತಾರೆ. ಅವರಿಗೆ ನಿನ್ನ ಹೆದರಿಕೆ ಇಲ್ಲ. ನನಗೆ ಭಯ ಅವರನ್ನು ಕಂಡರೆ.

ಓದಿದವಳಿಗೆ ನಾನೇನು ಹೇಳಲಿ, ಆದರೂ. 'ಯಾವ ತೊಂದರೆಗೆ ತೋರಿಸಿದ್ರಿ?' ಅಂತ ಕೇಳು. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಲಜಿನ್ ಬಿಪಿಗೆ. ಹೆಸರು ಒಂದೇ ಥರ ಕಂಡರೂ ಆ ಉತ್ತರ ಬೇರೆ ಮಾಡಿಬಿಡುತ್ತದೆ, ಎಷ್ಟೋ ಸಲ. ಓದಲಾಗದಿದ್ದರೆ ಊಹೆ ಮಾಡಬೇಡ, ಡಾಕ್ಟರಿಗೆ ಫೋನ್ ಮಾಡು. ಬೈದರೆ ಬೈಸಿಕೋ. ಸ್ಟ್ರಿಪ್ಪಿನ ಬಣ್ಣ ನಂಬಬೇಡ (ನಾನು ಬಣ್ಣ ನೋಡಿಯೇ ಕಲಿತವನು, ಏನು ಮಾಡೋದು).

ಏನಾದರೂ ಆದರೆ ಅನ್ನುವುದು ಮತ್ತೆ ಬಂದರೆ ಕೈಯಲ್ಲಿರುವ ಸ್ಟ್ರಿಪ್ ಕೆಳಗಿಡು, ಚೀಟಿ ಇನ್ನೊಮ್ಮೆ ಓದು. ಮುದುಕಿಯ ಬಸ್ಸು ತಪ್ಪಲಿ ಬಿಡು, ದುರ್ಗದಲ್ಲಿ ಇನ್ನೊಂದು ಬರುತ್ತದೆ.

ಅಂಗಡಿಯವರು ನಿನ್ನನ್ನು ಬರೀ ಬಾಕ್ಸ್ ಜೋಡಿಸೋಕೆ ಹಾಕಿದ್ದರೆ ಬರಿ. ಮೇಷ್ಟ್ರಿಗೆ ಹೇಳಿ ಜಿಲ್ಲಾಸ್ಪತ್ರೆಗೆ ಹಾಕಿಸಿಕೊಳ್ಳೋಕೆ ಆಗುತ್ತಾ ಕೇಳು. ಅಲ್ಲಿ ಚೀಟಿ ಜಾಸ್ತಿ.

ನಿನ್ನ ಮಾವ