ಸ್ಕೂಟರ್ ಓಡ್ತಾ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗದಿದ್ದರೆ

ಗುಂಪಿನ ಎಲ್ಲರಿಗೂ: ಇದು ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ) ಇರೋ ಹಳೇ ಗೇರ್‌ಲೆಸ್ ಗಾಡಿಗಳಿಗೆ. 2020ರ ನಂತರದ ಬಿಎಸ್ 6 ಗಾಡಿಯವರು ಕೊನೇ ಸಾಲು ನೋಡಿ.

ಸೆಲ್ಫ್ ಒತ್ತುತ್ತಾ ಕೂರಬೇಡಿ, ಬ್ಯಾಟರಿ ಇಳಿಯುತ್ತೆ ಅಷ್ಟೇ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. 'ಸುಯ್' ಅಂತ ಗಾಳಿ ಒಳಗೆಳೆದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ.

ಆಗಲಿಲ್ಲವಾ? ಇಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ (ಕಿಡಿ ಹಾರಿಸೋ ಭಾಗ) ಬಿಚ್ಚಿ ತುದಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಒಂದೋ ಕಿಡಿ ಇಲ್ಲ, ಇಲ್ಲಾ ಪೆಟ್ರೋಲ್ ಜಾಸ್ತಿಯಾಗಿದೆ. ಒರೆಸಿ ಒಣಗಿಸಿ ಹಾಕಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ 5 ಸೆಕೆಂಡ್ ಸೆಲ್ಫ್ ಕೊಡಿ. ತುದಿ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಬಹಳಷ್ಟು ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡೋ ನಲ್ಲಿ) ತೆರೆಯೋದು ಇಂಜಿನ್ ಗಾಳಿ ಎಳೆದಾಗ ಆಗೋ ವ್ಯಾಕ್ಯೂಮ್‌ನಿಂದ. ಇಂಜಿನ್‌ನಿಂದ ಕಾಕ್‌ಗೆ ಬರೋ ಸಣ್ಣ ರಬ್ಬರ್ ಪೈಪಿನ ತುದಿ ಸೀಳಿದ್ದರೆ ಟ್ಯಾಂಕ್ ಫುಲ್ ಇದ್ದರೂ ಹನಿ ಇಳಿಯಲ್ಲ. ಸೀಳಿದಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಿ.

ಬಿಸಿಯಾದಾಗ ಮಾತ್ರ ನಿಂತು, 20 ನಿಮಿಷ ಬಿಟ್ಟರೆ ಓಡುತ್ತೆ ಅಂದರೆ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಹಾರಬೇಕು ಅಂತ ಸಿಗ್ನಲ್ ಕೊಡೋದು), ಸಿಡಿಐ (ಕಿಡಿ ಹಾರಿಸೋ ಎಲೆಕ್ಟ್ರಾನಿಕ್ ಡಬ್ಬಿ) ಮೇಲೆ ಅನುಮಾನ. ಟ್ಯಾಪೆಟ್ (ವಾಲ್ವ್‌ಗೆ ಬಿಡೋ ಸಂದು) ಬಿಗಿಯಾಗಿದ್ದರೂ ಹೀಗೇ. ಕಾರ್ಬ್ಯುರೇಟರ್ ಬಿಚ್ಚಿಸೋದು ಕೊನೆಗೆ, ಮೆಕ್ಯಾನಿಕ್ ಮೊದಲು ಅದನ್ನೇ ಹೇಳಿದರೂ.

ಬಿಎಸ್ 6: ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಪಂಪ್ 2–3 ಸೆಕೆಂಡ್ 'ಗುಂಯ್' ಅನ್ನಬೇಕು. ಅನ್ನದಿದ್ದರೆ ಫ್ಯೂಸ್ ನೋಡಿ.