ಮಕ್ಕಳ ಚಿತ್ರ ನೋಡಿ ತೀರ್ಪು ಕೊಡಬೇಡಿ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಚಿತ್ರಕಲಾ ಶಿಬಿರಗಳು ಶುರುವಾಗುತ್ತವೆ. ಈಚೆಗೆ ಅವುಗಳ ಕರಪತ್ರಗಳಲ್ಲಿ ‘ಆರ್ಟ್ ಥೆರಪಿ’ (ಕಲಾ ಚಿಕಿತ್ಸೆ) ಎಂಬ ಸಾಲೂ ಸೇರಿಕೊಂಡಿದೆ. ಮಕ್ಕಳು ಬಣ್ಣ ಹಚ್ಚಲಿ, ತಕರಾರಿಲ್ಲ. ಆದರೆ ಒಂದು ದಿನದ ಕಾರ್ಯಾಗಾರ ಮುಗಿಸಿ ಬಂದವರು ‘ಕಪ್ಪು ಜಾಸ್ತಿ ಬಳಸಿದ್ದಾನೆ, ಮನೆಯಲ್ಲಿ ಏನೋ ಆಗಿದೆ’ ಎಂದು ತಾಯಿಯನ್ನು ಹೆದರಿಸಿ ಕಳಿಸುವುದು ತಪ್ಪು.

ಕಪ್ಪು ಬಣ್ಣದ ವಿಚಾರವನ್ನೇ ನೋಡಿ. ನಲಿಕಲಿ ಕೊಠಡಿಯಲ್ಲಿ 12 ಬಣ್ಣದ ಕ್ರೆಯಾನ್ ಡಬ್ಬಿ ತೆರೆದರೆ ಕೆಂಪು, ನೀಲಿ ಬೆರಳಿಗೆ ಸಿಗದಷ್ಟು ಸವೆದಿರುತ್ತವೆ. ಬಿಳಿ ಹೊಸದರಂತೆಯೇ ಇರುತ್ತದೆ, ಹಾಳೆ ಮೇಲೆ ಕಾಣುವುದಿಲ್ಲ. ಉಳಿದದ್ದರಲ್ಲಿ ಎದ್ದು ಕಾಣುವುದು ಕಪ್ಪು. ಚಿತ್ರದುರ್ಗದ ಬಂಡೆಗಳನ್ನು ನೋಡುತ್ತ ಬೆಳೆದ ಮಗು ಬೆಟ್ಟಕ್ಕೆ ಗಾಢ ಬಣ್ಣ ಬಳಿಯದೆ ಇನ್ನೇನು ಬಳಿದೀತು? ಕೈಯಿಲ್ಲದ ಮನುಷ್ಯನ ಚಿತ್ರಕ್ಕೂ ಹೀಗೇ ಅರ್ಥ ಹಚ್ಚುತ್ತಾರೆ. ಮೂರು-ನಾಲ್ಕು ವರ್ಷದ ಮಕ್ಕಳು ದುಂಡು ತಲೆಯಿಂದಲೇ ಎರಡು ಕಾಲು ಇಳಿಬಿಡುತ್ತಾರೆ. ಅದು ಆ ವಯಸ್ಸಿನ ರೀತಿ. ಚಿತ್ರ ನೋಡಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯವನ್ನು ಪತ್ತೆ ಹಚ್ಚಬಹುದೇ ಎಂದು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆಯೊಂದು 2012ರಲ್ಲಿ ಪ್ರಕಟವಾಯಿತು. ಹಾಗೆ ನಂಬಲು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ.

ಇನ್ನೊಂದು ಮಗ್ಗುಲೂ ಇದೆ, ಅದು ಹೆಚ್ಚು ಅಪಾಯದ್ದು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಹರಿಯುವ ಹೊಳೆ: ಈ ಚಿತ್ರವನ್ನು ನಮ್ಮ ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಾರೆ. ಹಿಂದಿನ ರಾತ್ರಿ ಏಟು ತಿಂದ ಮಗುವೂ ಅದನ್ನೇ ಬರೆಯುತ್ತದೆ. ಚಿತ್ರ ಚೆನ್ನಾಗಿದೆ, ಹಾಗಾಗಿ ಮಗು ಚೆನ್ನಾಗಿದೆ ಎಂದುಕೊಂಡರೆ ಕೆಟ್ಟೆವು.

ಹಾಗಾದರೆ ಚಿತ್ರದಿಂದ ಉಪಯೋಗವೇ ಇಲ್ಲವೇ? ಇದೆ. ಸಂತೋಷ, ದುಃಖ, ಭಯದ ಪ್ರಸಂಗಗಳನ್ನು ಚಿತ್ರ ಬರೆಯುತ್ತ ಹೇಳಿದ 3ರಿಂದ 6 ವರ್ಷದ ಮಕ್ಕಳು, ಬರೀ ಮಾತಿನಲ್ಲಿ ಹೇಳಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ವಿವರ ಕೊಟ್ಟರೆಂದು ನ್ಯೂಜಿಲೆಂಡ್‌ನ ಸಂಶೋಧಕರಾದ ಗ್ರಾಸ್ ಮತ್ತು ಹೇಯ್ನ್ 1998ರಲ್ಲಿ ತೋರಿಸಿದರು. ಅಂದರೆ ಬೇಕಾದ ಸಂಗತಿ ಸಿಗುವುದು ಬರೆಯುವಾಗ ಮಗು ಆಡುವ ಮಾತಿನಲ್ಲಿ. ಮಾನಸಿಕ ಆಘಾತಕ್ಕೆ ಒಳಗಾಗಿ ತೊಂದರೆಪಡುವ ಮಕ್ಕಳ ಚಿಕಿತ್ಸೆಯಲ್ಲಿ ಹೆಚ್ಚು ಪುರಾವೆ ಇರುವುದು ಆಘಾತ-ಕೇಂದ್ರಿತ ಸಿಬಿಟಿಗೆ (ಯೋಚನೆ, ವರ್ತನೆಗಳನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ). ಕಲಾ ಚಿಕಿತ್ಸೆಯ ಅಧ್ಯಯನಗಳು ಇನ್ನೂ ಚಿಕ್ಕವು. ಸಿಬಿಟಿಯೊಳಗೆ ಚಿಕ್ಕ ಮಕ್ಕಳು ತಮ್ಮ ಕಥೆಯನ್ನು ಚಿತ್ರಗಳಲ್ಲಿ ಕಟ್ಟುವುದುಂಟು. ಕಲೆಗೆ ಸದ್ಯಕ್ಕೆ ಅದೇ ಸರಿಯಾದ ಜಾಗ ಎಂಬುದು ನಮ್ಮ ಅಭಿಪ್ರಾಯ.

ಶಾಲೆ ಅಥವಾ ಬಾಲಮಂದಿರದಲ್ಲಿ (ಆಸರೆ ಬೇಕಾದ ಮಕ್ಕಳ ಸರ್ಕಾರಿ ವಸತಿಗೃಹ) ಇಂಥ ಮಕ್ಕಳಿಂದ ಚಿತ್ರ ಬರೆಸುವವರು ಕೆಲವು ವಿಷಯ ಗಮನಿಸಬೇಕು. ಒಂದು ಗುಂಪಿಗೆ ಆರರಿಂದ ಎಂಟು ಮಕ್ಕಳು ಸಾಕು. 45 ನಿಮಿಷ, ವಾರದ ಅದೇ ದಿನ, ಅದೇ ಕೋಣೆ, ಅದೇ ವ್ಯಕ್ತಿ. ಆಘಾತ ಕಂಡ ಮಗುವಿಗೆ ಮುಂದೇನಾಗುತ್ತದೆ ಎಂಬುದು ಗೊತ್ತಿರುವುದೇ ಅರ್ಧ ಧೈರ್ಯ. ಮೊದಲ ವಾರಗಳಲ್ಲಿ ಪೆನ್ಸಿಲ್, ಕ್ರೆಯಾನ್, ಸ್ಕೆಚ್ ಪೆನ್, ಹರಿದಂಟಿಸುವ ಕಾಗದ ಮಾತ್ರ ಕೊಡಿ. ವಾಟರ್ ಕಲರ್, ಒದ್ದೆ ಜೇಡಿಮಣ್ಣು ಆಮೇಲೆ. ನೀರುಬಣ್ಣ ಹಾಳೆ ಮೇಲೆ ತನ್ನಿಷ್ಟದಂತೆ ಹರಡುತ್ತದೆ. ಹಿಡಿತ ತಪ್ಪುವುದನ್ನೇ ಹೆದರುವ ಮಗು ಅಲ್ಲಿಗೆ ಕಂಗಾಲಾಗಿ ಹಾಳೆ ಹರಿದು ಎಸೆಯಬಹುದು. ಹರಿದರೆ ಬೈಯಬೇಡಿ, ಹೊಸ ಹಾಳೆ ಕೊಡಿ.

‘ನಿನಗೆ ಆದ ಕೆಟ್ಟದ್ದನ್ನು ಬರಿ’ ಎಂದು ಎಂದೂ ಹೇಳಬಾರದು. ತನ್ನ ಹೆಸರನ್ನು ಸಿಂಗರಿಸುವುದು, ನೆಮ್ಮದಿ ಅನಿಸುವ ಜಾಗ ಬರೆಯುವುದು, ಇಷ್ಟರಿಂದ ಶುರು ಮಾಡಿ. ಬರೆಯಲ್ಲ ಎಂದರೆ ಅದಕ್ಕೂ ಒಪ್ಪಿಗೆ ಇರಲಿ. ‘ಇದು ಅಪ್ಪನಾ? ಅಪ್ಪ ಹೊಡೀತಾರಾ?’ ಎಂದು ಉತ್ತರವನ್ನು ಬಾಯಿಗಿಟ್ಟರೆ ಮಗು ಹೂಂ ಅನ್ನುತ್ತದೆ, ಆ ಹೂಂ ಮುಂದೆ ಎಲ್ಲೂ ನಿಲ್ಲುವುದಿಲ್ಲ. ‘ಈ ಚಿತ್ರದ ಬಗ್ಗೆ ಹೇಳ್ತೀಯಾ ಪುಟ್ಟ?’ ಎಂದು ಕೇಳಿ ಸುಮ್ಮನಿರಿ. ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಖು ಹಾಕಿ, ಬೇರೆ ಹಾಳೆಯಲ್ಲಿ ಬರೆದಿಡಿ. ಕೊನೆಯ ಹತ್ತು ನಿಮಿಷ ಚಿತ್ರವನ್ನು ಮಗುವೇ ತನ್ನ ರಟ್ಟಿನ ಫೈಲಿಗೆ ಹಾಕಿ, ಕೈ ತೊಳೆದು, ಸ್ವಲ್ಪ ಹೊತ್ತು ಕೂತು ಹೋಗಲಿ. ಬೆಲ್ ಹೊಡೆಯಿತೆಂದು ಅರ್ಧಕ್ಕೆ ಎಬ್ಬಿಸಿ ಗಣಿತದ ಪೀರಿಯಡ್‌ಗೆ ಕಳಿಸುವುದೇ ನಾವು ಕಂಡ ಸಾಮಾನ್ಯ ತಪ್ಪು.

ಬರೆಯುತ್ತಿದ್ದ ಮಗು ಒಮ್ಮೆಲೇ ದಿಟ್ಟಿಸುತ್ತ ಕೂತು, ಕರೆದರೂ ಓಗೊಡದಿದ್ದರೆ ಕೆಲಸ ನಿಲ್ಲಿಸಿ. ಮುಟ್ಟಬೇಡಿ. ಹೆಸರು ಹಿಡಿದು ಮೆಲ್ಲಗೆ ಕರೆದು, ಇವತ್ತು ಯಾವ ವಾರ, ಎಲ್ಲಿದ್ದೀವಿ ಎಂದು ಹೇಳಿ. ಪಾದ ನೆಲಕ್ಕೂರಿಸಲು ತಿಳಿಸಿ, ಕುಡಿಯಲು ತಣ್ಣೀರು ಕೊಡಿ. ಅದೇ ಘಟನೆಯನ್ನು ವಾರವಾರವೂ ಬದಲಾವಣೆಯಿಲ್ಲದೆ ಬರೆದು, ಬರೆದಷ್ಟೂ ಕಳವಳ ಹೆಚ್ಚುತ್ತಿದ್ದರೆ ಚಿತ್ರದ ಕೆಲಸ ಮುಂದುವರಿಸದೆ ತಜ್ಞರ ಬಳಿ ಕಳಿಸಿ.

ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ಕೈಕೆಳಗಿನವರ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಮಕ್ಕಳ ಸಹಾಯವಾಣಿ 1098. ಚಿತ್ರವನ್ನು ಮತ್ತೆ ಬರೆಸಿ ‘ಖಚಿತ’ ಮಾಡಿಕೊಳ್ಳುವ ಉಸಾಬರಿ ಬೇಡ.

ಶಿಬಿರದ ಕೊನೆಯ ದಿನ ಅತಿಥಿಗಳನ್ನು ಕರೆದು ಈ ಚಿತ್ರಗಳನ್ನು ಹೆಸರು, ಫೋಟೊ ಸಮೇತ ಗೋಡೆಗೆ ಹಾಕುವುದು, ವಾಟ್ಸ್‌ಆ್ಯಪ್ ಗುಂಪಿಗೆ ಬಿಡುವುದು ಇನ್ನೊಂದು ಚಾಳಿ. ಬಾಲಮಂದಿರದ ಮಕ್ಕಳ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಅಪರಾಧ. ಪತ್ರಿಕೆಗಳ ಸ್ಥಳೀಯ ಪುಟದಲ್ಲೂ ಇಂಥ ಫೋಟೊ ಬರದಿರಲಿ ಎಂದು ತಮ್ಮಲ್ಲೂ ಕೋರುತ್ತೇವೆ.

ಜಿಲ್ಲಾಡಳಿತ ಹೊಸ ಯೋಜನೆ ಹುಡುಕಬೇಕಿಲ್ಲ. ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇಲ್ಲೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಕಲಾ ವಿದ್ಯಾರ್ಥಿಗಳು ಚಿತ್ರ ಬರೆಸಲಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಅವರ ಮೇಲುಸ್ತುವಾರಿ ನೋಡಿಕೊಳ್ಳಲಿ. ಜಗಳೂರು, ಚನ್ನಗಿರಿ, ಹೊನ್ನಾಳಿಯ ಶಾಲೆಗಳಿಗೆ ಮಗುವನ್ನು ಎಲ್ಲಿಗೆ, ಯಾವ ವಾರ ಕಳಿಸಬೇಕು ಎಂಬ ಒಂದು ಪುಟದ ಸುತ್ತೋಲೆ ರಜೆ ಮುಗಿದು ಶಾಲೆ ತೆರೆಯುವ ಮುನ್ನ ತಲುಪಬೇಕು. ಅದರಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯೂ ಇರಲಿ.

— ಮಕ್ಕಳ ಆಪ್ತಸಮಾಲೋಚಕರು ಮತ್ತು ಚಿತ್ರಕಲಾ ಶಿಕ್ಷಕರು, ದಾವಣಗೆರೆ